ಘೋಡಗೇರಿಯ ಹಸಿರು ಚುಕ್ಕೆ

ನನ್ನನ್ನು ಮುಖದ ಮೇಲೆಯೇ ಹೆದರುಪುಕ್ಕಲ ಎಂದು ಕರೆಯುತ್ತಿದ್ದವನು ಒಬ್ಬನೇ, ಘೋಡಗೇರಿಯ ನನ್ನ ಗೆಳೆಯ. ಅವನ ಮಾತು ಎಷ್ಟು ಖರೆ ಎಂಬುದು ಅವನು ಸತ್ತ ಮೇಲೆ ನನಗೆ ತಿಳಿಯಿತು.

ಗೋಕಾಕದಲ್ಲಿ ನನ್ನದು ಲಗ್ನಪತ್ರಿಕೆ ಮಾಡುವ ಡಿ.ಟಿ.ಪಿ. ಅಂಗಡಿ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು, ನಮ್ಮ ಕಡೆ ಬ್ರಾಡ್‌ಬ್ಯಾಂಡ್ ಆಗಷ್ಟೇ ಬಂದಿತ್ತು. ಅವನು ಕುರಿ ಮಾರಿ ಕಂಪ್ಯೂಟರ್ ತಂದಿದ್ದ. "ಇದೇನ ಮರಿ ಹಾಕತೈತೇನೋ?" ಎಂದು ಅವನ ಅಣ್ಣಂದಿರು ನಗುತ್ತಿದ್ದರು. ಯಾವುದೋ ಪತ್ರಿಕೆಯ ಜೊತೆ ಬಂದ ಸಿಡಿಯಲ್ಲಿ ಅವನಿಗೊಂದು ಪುಕ್ಕಟೆ ಸಾಫ್ಟ್‌ವೇರ್ ಸಿಕ್ಕಿತು. ನಡುವೆ ಯಾವ ಕಂಪನಿಯೂ ಇಲ್ಲದೆ ಗೆಳೆಯರ ಕಂಪ್ಯೂಟರುಗಳನ್ನು ನೇರವಾಗಿ ಜೋಡಿಸುವಂಥದ್ದು. ನೀವು ಹಾಕಿದ್ದನ್ನು ಅದು ಚೂರು ಚೂರು ಮಾಡಿ, ಯಾರೂ ಓದದಂತೆ ಬೀಗ ಹಾಕಿ, ಉಳಿದವರ ಯಂತ್ರಗಳಲ್ಲಿ ಬಚ್ಚಿಡುತ್ತಿತ್ತು. ಗುರುತಿನ ಶಬ್ದ ಬಲ್ಲವರು ಹುಡುಕಿದರಷ್ಟೇ ಚೂರುಗಳು ಕೂಡಿ ಬರುತ್ತಿದ್ದವು. ನಾನು, ಅವನು, ಮೂಡಲಗಿಯ ಔಷಧಿ ಅಂಗಡಿಯವನೊಬ್ಬ, ಮೂರೇ ಜನ. ತೆರೆಯ ಮೂಲೆಯಲ್ಲಿ ಮೂರು ಊರುಗಳ ಹೆಸರು. ಯಾರ ಯಂತ್ರ ಚಾಲೂ ಇದೆಯೋ ಆ ಊರಿನ ಬಾಜೂ ಹಸಿರು ಚುಕ್ಕೆ.

ನನಗೆ ಅದು ಮೊದಲಿನಿಂದಲೂ ಸರಿಬರಲಿಲ್ಲ. ನನ್ನದೇ ಕಂಪ್ಯೂಟರಿನಲ್ಲಿ ನಾನೇ ತೆರೆಯಲಾಗದ ವಸ್ತು!

"ನನ್ನ ಮನ್ಯಾಗ ಯಾರೋ ಮುಸುಕ ಹೊದ್ಕೊಂಡ ಕುಂತಂಗ ಆಗತೈತಲೋ" ಎಂದರೆ ಅವನು, "ಕುಂತವರ ಊಟಾ ಕೇಳೂದಿಲ್ಲಲ್ಲ, ಸುಮ್ನಿರೋ ಹೆದರುಪುಕ್ಕಲ" ಎನ್ನುತ್ತಿದ್ದ.

ಅವನಿಗೆ ಹೊಟ್ಟೆಯಲ್ಲಿ ಗಡ್ಡೆಯಾಯಿತು. ಮಳೆಗಾಲ ಮುಗಿಯುವುದರೊಳಗೆ ಹೋಗಿಬಿಟ್ಟ. ನಾನೇ ಮಣ್ಣಿಗೆ ಹೋಗಿ ಒಂದು ಹಿಡಿ ಮಣ್ಣು ಹಾಕಿ ಬಂದೆ.

ಅದಾಗಿ ಒಂಬತ್ತನೆಯ ದಿನ, ಮಧ್ಯಾಹ್ನ, ಹಳ್ಳಿಗಳಿಗೆ ಕರೆಂಟ್ ಕೊಡುವ ಹೊತ್ತು. ಲಗ್ನಪತ್ರಿಕೆಯೊಂದನ್ನು ತಿದ್ದುತ್ತ ಕುಳಿತಿದ್ದೆ. ಘೋಡಗೇರಿಯ ಬಾಜೂ ಹಸಿರು ಚುಕ್ಕೆ ಹತ್ತಿತು.

ನಾನು ಬಲ್ಲಂತೆ ಆ ಮನೆಯಲ್ಲಿ ಅದನ್ನು ನಡೆಸಬಲ್ಲವನು ಅವನೊಬ್ಬನೇ. ಒಂದು ತಾಸು ಉರಿದು ಆರಿತು. ಮರುದಿನ ಅದೇ ಹೊತ್ತಿಗೆ ಮತ್ತೆ ಬಂತು. ನಾಲ್ಕನೆಯ ದಿನ ಧೈರ್ಯ ಮಾಡಿ "ಯಾರು?" ಎಂದು ಬರೆದು ಕಳಿಸಿದೆ. ಉತ್ತರ ಬರಲಿಲ್ಲ, ಚುಕ್ಕೆಯೂ ಆರಲಿಲ್ಲ. ನಾನು ಕೀಲಿಮಣೆಯಿಂದ ಕೈ ತೆಗೆದು ಕುಳಿತಿರುವಾಗಲೇ ನನ್ನ ಹಾರ್ಡ್ ಡಿಸ್ಕ್ ಕರಕರ ಎನ್ನತೊಡಗಿತು. ಒಳಗೆ ಯಾರೋ ಏನನ್ನೋ ಹುಡುಕುತ್ತಿದ್ದರು. ಸ್ವಲ್ಪ ನಿಂತು, ಮತ್ತೆ ಹುಡುಕುತ್ತಿದ್ದರು.

ಅಂಗಡಿಯ ಹೊಸ್ತಿಲಲ್ಲಿ ಲಿಂಬೆಹಣ್ಣು ಕೊಯ್ದೆ. ಸಾಫ್ಟ್‌ವೇರನ್ನೂ ಅದು ಬಚ್ಚಿಟ್ಟಿದ್ದ ಚೂರುಗಳನ್ನೂ ಬುಡಸಮೇತ ಅಳಿಸಿದೆ. ಡಿಸ್ಕ್ ತಣ್ಣಗಾಯಿತು. ಸುಳ್ಳೇಕೆ, ಆ ಸಂಜೆ ಖುಷಿಯಿಂದ ಎರಡು ಪ್ಲೇಟ್ ಮಿರ್ಚಿ ತಿಂದೆ.

ತಿಂಗಳ ಮೇಲೆ ಅವನ ಹೆಂಡತಿ ಅಂಗಡಿಗೆ ಫೋನ್ ಮಾಡಿದಳು. "ಅಣ್ಣಾರ, ಒಂದ ಸಲ ಮನಿಗೆ ಬಂದ ಹೋಗ್ರಿ."

ಹೋದೆ. ಒಳಕೋಣೆಯಲ್ಲಿ ಕಂಪ್ಯೂಟರಿನ ಮೇಲೆ ಅವನ ಟವೆಲ್ ಹೊದಿಸಿದ್ದಳು. "ದಿನಾ ಕರೆಂಟ ಬಂದ ಮ್ಯಾಲ ಒಂದ ತಾಸು ಹಚ್ಚತೇನ್ರಿ. ಹಂಗ ಹಚ್ಚ ಅಂತ ಅವ್ರ ಹೇಳಿ ಹೋಗ್ಯಾರ" ಎಂದಳು. ನಾನು ಲಿಂಬೆಹಣ್ಣು ಕೊಯ್ದದ್ದು ಈ ಹೆಣ್ಣುಮಗಳಿಗೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಹಾಸಿಗೆ ಹಿಡಿದಾಗ ಅವನು ಅವಳಿಗಾಗಿ ತನ್ನ ದನಿಯನ್ನು ರೆಕಾರ್ಡ್ ಮಾಡಿದ್ದನಂತೆ. ತುಂಬಿದ ಮನೆ, ಅಣ್ಣಂದಿರ ಮಕ್ಕಳು ಎಲ್ಲ ಗುಂಡಿ ಒತ್ತುವವರು. ಗಂಡ ಹೆಂಡತಿಗೆ ಹೇಳಿದ್ದು ಮನೆಮಂದಿಯ ಕಿವಿಗೆ ಬೀಳಬಾರದೆಂದು ತನ್ನ ಯಂತ್ರದಲ್ಲಿ ಇಡದೆ ನಮ್ಮಿಬ್ಬರ ಯಂತ್ರಗಳಲ್ಲಿ ಬಚ್ಚಿಟ್ಟಿದ್ದ. ಗುರುತಿನ ಶಬ್ದ ಅವನ ಹೆಸರು.

"ಟೈಪ್ ಮಾಡೂದ ಬರತೈತ್ರಿ. ಅವ್ರ ಕಲಿಸಿದ್ರು. ಒಲ್ಲೆ ಅಂದ್ರೂ ಬಿಡದ ಒಂದ ಸಲ ಹೆಸರ ಹೊಡಸಿದ್ರು." ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. "ಗಂಡನ ಹೆಸರ ತಗೊಂಡ್ರ ಅವನ ಆಯುಷ್ಯ ಕಡಿಮಿ ಆಗತೈತಿ ಅಂತಾರಲ್ರಿ. ನಾಕನೇ ದಿನಕ್ಕ ಹೋದ್ರು."

ಮತ್ತೆ ಆ ಹೆಸರು ಹೊಡೆಯಲು ಹೆದರಿ, ಒಂಬತ್ತನೆಯ ದಿನದಿಂದ ಅವಳು ದಿನಾ ಕುಳಿತು ಬೇರೆ ಬೇರೆ ಶಬ್ದಗಳಿಂದ ಅವನನ್ನು ಹುಡುಕಿದ್ದಳು. ನಮ್ಮ ಮನಿಯವರು. ಮಗನ ಅಪ್ಪ. ಘೋಡಗೇರಿಯವರು. ನನ್ನ ಡಿಸ್ಕ್ ಕರಕರ ಎಂದದ್ದು ಈ ಕರೆಗಳಿಗೆ.

"ನೀವ ಹೊಡೀರಿ ಅಣ್ಣಾರ. ಗೆಳ್ಯಾಗ ದೋಷ ಇಲ್ಲ."

ತೆರೆಯ ಮೇಲೆ ಮೂಡುವ ಹೆಸರು ಕಣ್ಣಿಗೆ ಬೀಳದಿರಲೆಂದು ಅವಳು ಗೋಡೆಯ ಕಡೆ ಮುಖ ತಿರುಗಿಸಿ ನಿಂತಳು. ನಾನು ಗೆಳೆಯನ ಹೆಸರು ಹೊಡೆದೆ. ಕೂಡಲೇ ಸಿಕ್ಕಿತು. ಮೂಡಲಗಿಯಿಂದ ಚೂರುಗಳು ಒಂದೊಂದಾಗಿ ಬರತೊಡಗಿದವು. ಎಷ್ಟು ಬಂತೆಂದು ತೋರಿಸುವ ಪಟ್ಟಿ ಅರ್ಧದ ತನಕ ತುಂಬಿ ನಿಂತಿತು. ಉಳಿದರ್ಧ ನನ್ನಲ್ಲಿದ್ದದ್ದು. ಅಷ್ಟೂ ಚೂರು ಕೂಡದೆ ಅದು ಒಂದು ಶಬ್ದವನ್ನೂ ನುಡಿಯದು.

"ಬಂತೇನ್ರಿ?" ಎಂದಳು, ತಿರುಗದೆ.

"ಅರ್ಧಕ್ಕ ನಿಂತೈತಿ."

ಅವಳು ಗೋಡೆಗೇ ಹೇಳಿದಳು. "ಅವತ್ತ ನಾ ಹೆಸರ ತಗೋಬಾರದಿತ್ತು. ಅವ್ರೂ ಹೋದ್ರು, ದನೀನೂ ಹೋತು."

ಅಳಿಸಿದವನು ನಾನು, ನಿನ್ನದೇನೂ ತಪ್ಪಿಲ್ಲ ಎಂದು ಒಂದೇ ಮಾತು ಹೇಳಿದ್ದರೆ ಸಾಕಿತ್ತು.

"ಲೈನ್ ಸರಿ ಇಲ್ಲ ತಂಗಿ" ಎಂದೆ.

ಅವಳು ಈಗ ತಿರುಗಿದಳು, ಮುಖದಲ್ಲಿ ಒಂದಿಷ್ಟು ಜೀವ ಬಂದಿತ್ತು. "ಹಂಗಾರ ದಿನಾ ಹಚ್ಚಿಡ್ಲೇನ್ರಿ?"

"ಹಚ್ಚಿಡವಾ" ಎಂದೆ.