ಹೊಳೆಯ ಉಸುಕಿನ ಅರ್ಜಿ

ಔರಾದಿನ ಶಾಲೆಗೆ ವರ್ಗವಾಗಿ ಹೊರಟ ಮಾಸ್ತರ ನಾನು, ವರ್ಗದ ಕಾಗದಕ್ಕೆ ಮೊಹರು ಹಾಕಿಸಿಕೊಳ್ಳಲು ಭಾಲ್ಕಿಯ ಕಚೇರಿಯಲ್ಲಿ ಕಾದು ಕುಳಿತಿದ್ದೆ. ಕಚೇರಿಯ ಕಾಗದಪತ್ರ ನೋಡುವ ಪೇಶ್ಕಾರ ಸಾಹೇಬರ ಮೇಜಿನ ಮುಂದೆ ನಾಗಮ್ಮ ಎಂಬ ಹೆಂಗಸು ನಿಂತಿದ್ದಳು. ಮಾಂಜ್ರಾ ಹೊಳೆಗೆ ದೊಡ್ಡ ಕಟ್ಟೆ ಕಟ್ಟುತ್ತಾರೆಂಬ ಸುದ್ದಿ ಕೇಳಿ, ಹತ್ತು ಮನೆಗಳ ಪರವಾಗಿ ಬಂದಿದ್ದಳು. ಆಕೆಗೆ ಉರ್ದು ಬಾರದು, ಅವರಿಗೆ ಕನ್ನಡ ಅಷ್ಟಕ್ಕಷ್ಟೆ. ನಡುವೆ ನಾನು ದುಭಾಷಿಯಾದೆ.

ಸಾಹೇಬರು ನಕ್ಷೆ ಬಿಡಿಸಿ, ಆಕೆ ಹೇಳುವ ಜಾಗದಲ್ಲಿ ಹೊಲವೇ ಇಲ್ಲ, ಬರೀ ನೀರಿದೆ ಎಂದರು.

“ಮಳಿಗಾಲದಾಗ ನೋಡಿ ಬರದಾರ್ರಿ,” ಎಂದಳು ನಾಗಮ್ಮ. “ಬ್ಯಾಸಗ್ಯಾಗ ಬರ್ರಿ. ನೀರು ಸರದ ಮ್ಯಾಲ ಆ ಉಸುಕಿನಾಗ ನಾವು ಕರಬೂಜ ಬೆಳಿತೇವ್ರಿ. ನಮ್ಮತ್ತಿನೂ ಅಲ್ಲೇ ಕರಬೂಜ ಬೆಳದಾಳ್ರಿ.”

ಪ್ರತಿ ವರ್ಷ ನೀರು ಗುರುತು ಅಳಿಸಿದರೆ ಯಾರ ಪಾಲು ಎಲ್ಲಿ ಎಂದು ಹೇಗೆ ಗೊತ್ತಾಗುತ್ತದೆ? ಕುತೂಹಲ ತಡೆಯದೆ ನಾನೇ ಕೇಳಿದೆ.

“ವರ್ಷಾ ವರ್ಷಾ ಹೊಸದಾಗಿ ಹಂಚ್ಕೋತೇವ್ರಿ. ಗಂಡಸರಿಲ್ಲದ ಮನಿಯವ್ರು ಮೊದಲು ಆರಿಸ್ಕೋತಾರ.”

ಇದನ್ನು ಉರ್ದುವಿನಲ್ಲಿ ಹೇಳಿದಾಗ ಸಾಹೇಬರು ತಲೆಯೆತ್ತಿ ಆಕೆಯನ್ನು ಮೊದಲ ಸಲ ಸರಿಯಾಗಿ ನೋಡಿದರು. ಆಮೇಲೆ ಆಕೆಯ ಹೆಸರಲ್ಲಿ ಉರ್ದುವಿನಲ್ಲಿ ಅರ್ಜಿ ಬರೆದರು. ಹೆಬ್ಬೆಟ್ಟು ಒತ್ತುವ ಮುಂಚೆ ಓದಿ ಹೇಳಿರೆಂದು ಆಕೆ ನನ್ನನ್ನು ಕೇಳಿದಳು. ಮುಳುಗುವ ಜಾಗಕ್ಕೆ ಬದಲಾಗಿ ಬೇರೆ ನೆಲ ಕೊಡಬೇಕು ಎಂದಿತ್ತು.

ನಾಗಮ್ಮ ಕೈ ಹಿಂದಕ್ಕೆ ತೆಗೆದಳು. “ನಾ ಬ್ಯಾರೆ ನೆಲಾ ಬೇಡ್ಲಿಕ್ಕ ಬಂದಿಲ್ರಿ. ಹೊಳಿ ಕಟ್ಟಬ್ಯಾಡ್ರಿ ಅಂತ ಬರೀರಿ.”

“ಹುಜೂರಿಗೆ, ಅಷ್ಟು ದೊಡ್ಡ ದೊರೆಗೆ, ಹೀಗೆ ಬರೆಯುವುದು ಹೇಗೆ?” ಎಂದು ಸಾಹೇಬರು ನನ್ನನ್ನು ಕೇಳಿದರು. ಅದನ್ನು ನಾನು ಆಕೆಗೆ ಕನ್ನಡದಲ್ಲಿ ಹೇಳಿದೆ. ಆಕೆ ಅಲ್ಲಾಡದೆ ನಿಂತೇ ಇದ್ದಳು. ಕೊನೆಗೆ ಸಾಹೇಬರು ತಾವು ಬರೆದ ಕಾಗದವನ್ನು ಹರಿದು, ಹೊಸ ಹಾಳೆ ತೆಗೆದು, ಆಕೆ ಹೇಳಿದ್ದನ್ನೇ ಬರೆದರು.