ಒಂದು ಸ್ಟೇಷನ್ ಹಿಂದಕ್ಕೆ ಹೋದ ಅಂಕಗಳು

2023ರ ಜೂನ್‌ನಲ್ಲಿ ನಾನು ಠಾಣೆ ಊರಿನ ರೈಲ್ವೆ ಸ್ಟೇಷನ್ ಹತ್ತಿರದ ಒಂದು ಶಿಕ್ಷಣ ಸಲಹಾ ಕೇಂದ್ರದಲ್ಲಿ ದಾಖಲೆ ಪರಿಶೀಲಕಿಯಾಗಿದ್ದೆ. ಅದಕ್ಕೂ ಮೊದಲು ಮೂವತ್ತೊಂದು ವರ್ಷ ಕಾಲೇಜೊಂದರ ಪರೀಕ್ಷಾ ವಿಭಾಗದಲ್ಲಿ ದುಡಿದು ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾಗಿದ್ದೆ. ನಿವೃತ್ತಿಯ ಮೂರನೆಯ ವಾರಕ್ಕೆ ಡೊಂಬಿವಲಿಯ ಮನೆಯ ಡಬ್ಬಿಗಳಿಗೆಲ್ಲ ಹೆಸರಿನ ಚೀಟಿ ಅಂಟಿಸಿ ಮುಗಿಸಿದ್ದೆ. ನಮ್ಮ ಮನೆಯವರು, "ನನ್ನ ಬೆನ್ನಿಗೊಂದು ಅಂಟಿಸುವ ಮೊದಲು ಎಲ್ಲಾದರೂ ಕೆಲಸ ನೋಡು ಮಾರಾಯ್ತಿ" ಎಂದರು. ನೋಡಿದೆ.

ಕೇಂದ್ರದ ಜೀವಾಳ ಒಂದು ಆನ್‌ಲೈನ್ ಟೂಲ್. ವಿದ್ಯಾರ್ಥಿ ತನ್ನ ಅಂಕ, ವಿಷಯ, ಸ್ವಭಾವ, ಇಷ್ಟಾನಿಷ್ಟಗಳನ್ನು ತುಂಬಿದರೆ, ಅದು ಅವನಿಗೆ ತಕ್ಕ ವಿಶ್ವವಿದ್ಯಾಲಯಗಳನ್ನು ಹುಡುಕಿ ಮೂರು ಪಟ್ಟಿ ಕೊಡುತ್ತದೆ. ಸೇಫ್ ಎಂದರೆ ಖಂಡಿತ ಸಿಗುವಂಥವು, ಮ್ಯಾಚ್ ಎಂದರೆ ಯೋಗ್ಯತೆಗೆ ಸರಿಯಾದವು, ರೀಚ್ ಎಂದರೆ ಕೈ ಚಾಚಿ ನೋಡಬಹುದಾದವು. ಅರ್ಜಿಯೂ ಅಲ್ಲಿಂದಲೇ ಹೋಗುತ್ತದೆ. ಹೋಗುವ ಮೊದಲು ತುಂಬಿದ್ದನ್ನು ಮೂಲ ಅಂಕಪಟ್ಟಿಯೊಂದಿಗೆ ತಾಳೆ ನೋಡುವುದು ನನ್ನ ಕೆಲಸ. ನಾನು ಅಂಕಪಟ್ಟಿಯ ಮೇಲೆ ಸ್ಕೇಲ್ ಇಟ್ಟು, ಒಂದೊಂದೇ ಸಾಲು ಇಳಿಸುತ್ತಾ ಓದುತ್ತಿದ್ದೆ. ಮ್ಯಾನೇಜರ್ ಪ್ರಾಚಿಗೆ ಇಪ್ಪತ್ತೆಂಟು ವರ್ಷ, ಕನ್ನಡ ಅರ್ಧಂಬರ್ಧ ತಿಳಿಯುತ್ತದೆ. ಅವಳಿಗೆ ನನ್ನ ಸ್ಕೇಲ್ ನೋಡಿದರೆ ನಗು. "ಕಾಕೂ, ಇದೆಲ್ಲ ಸಿಸ್ಟಮ್ ನೋಡಿಕೊಳ್ಳುತ್ತದೆ" ಎಂದು ಮರಾಠಿಯಲ್ಲಿ ದಿನಕ್ಕೊಮ್ಮೆ ಹೇಳುತ್ತಿದ್ದಳು; ಕಾಕೂ ಎಂದರೆ ಚಿಕ್ಕಮ್ಮ. ನನ್ನ ಹಿಂದಿನ ಗೋಡೆಯಲ್ಲಿ ನಾನೇ ದುಂಡಗೆ ಬರೆದು ಹಾಕಿದ ನಿಯಮವೊಂದಿತ್ತು: ಒಬ್ಬ ವಿದ್ಯಾರ್ಥಿಗೆ ಒಂದೇ ಪ್ರೊಫೈಲ್. ಸಿಬ್ಬಂದಿಯ ಮೊಬೈಲ್ ನಂಬರ್ ಬಳಸಕೂಡದು.

ಒಂದು ಗುರುವಾರ ಬೆಳಿಗ್ಗೆ ಹತ್ತೂಕಾಲಕ್ಕೆ ಶರಣಪ್ಪ ಪೇಢೆಯ ಡಬ್ಬಿ ಹಿಡಿದು ಬಂದರು. ಅವರು ವಿಜಯಪುರ ಕಡೆಯವರು. ಠಾಕುರ್ಲಿಯಲ್ಲಿ ಮನೆ, ತುರ್ಭೆಯ ಮಾರುಕಟ್ಟೆಯಲ್ಲಿ ಈರುಳ್ಳಿ ಮೂಟೆ ಇಳಿಸುವವರ ಮುಕಾದಮ, ಅಂದರೆ ಮೇಸ್ತ್ರಿ. ಹಿಂದೆ ಮಗಳು ಭಾಗ್ಯಶ್ರೀ, ಮೈಕ್ರೋಬಯಾಲಜಿಯಲ್ಲಿ ಬಿ.ಎಸ್‌ಸಿ. ಮುಗಿಸಿದವಳು. ತಂದೆಯ ಮುಖ ಅರಳಿತ್ತು, ಮಗಳದು ಬಾಡಿತ್ತು.

"ಬಾಯಿ ಸಿಹಿ ಮಾಡ್ರಿ ಅಕ್ಕೋರ. ತೊಂಬತ್ತಾರು ಪರ್ಸೆಂಟ್ ಮ್ಯಾಚ್ ಆಗೇತಿ! ಸೀಟ್ ಪಕ್ಕಾ ಅಂತ ಮೊಬೈಲ್‌ನ್ಯಾಗ ಬಂದೈತಿ."

ಪಟ್ಟಿ ತೆರೆದೆ. ಸೇಫ್ ಪಟ್ಟಿಯ ಮೊದಲ ಹೆಸರು ಒಂದು ಅಶ್ವಪಾಲನಾ ಸಂಸ್ಥೆ: ಕುದುರೆ ಮೇಯಿಸಿ, ತಿಕ್ಕಿ, ತಾಲೀಮು ಕೊಡುವ ಒಂದು ವರ್ಷದ ಡಿಪ್ಲೊಮಾ. ಎರಡನೆಯದು ಗಾಲ್ಫ್ ಮೈದಾನದ ಹುಲ್ಲಿನ ನಿರ್ವಹಣೆ. ಮೂರನೆಯದು ಗೋದಾಮಿನ ಸುರಕ್ಷತೆ.

"ನಿನಗೆ ಕುದುರೆ ಇಷ್ಟವೇನಮ್ಮ?" ಎಂದು ಕೇಳಿದೆ.

ಹುಡುಗಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ನಹೀ ಮ್ಯಾಡಮ್. ಮುಝೆ ಫುಡ್ ಟೆಕ್ನಾಲಜಿ ಕರನಾ ಥಾ." ಅಪ್ಪ ಇಳಿಸುವ ಮೂಟೆಗಳಲ್ಲಿ ಎಷ್ಟೋ ಈರುಳ್ಳಿ ಕೊಳೆತು ಹೋಗುವುದನ್ನು ಚಿಕ್ಕಂದಿನಿಂದ ನೋಡಿದವಳು. ಅದು ಕೊಳೆಯದ ಹಾಗೆ ಏನಾದರೂ ಮಾಡಬೇಕು ಎಂಬುದು ಅವಳ ಆಸೆ. ಆಮೇಲೆ ಮೆಲ್ಲಗೆ ಸೇರಿಸಿದಳು, "ಲೇಕಿನ್ ಮಶೀನ್ ನೇ ಬೋಲಾ ಹೈ, ತೋ ಸಹೀ ಹೀ ಹೋಗಾ."

ಯಂತ್ರ ತನ್ನನ್ನು ತೂಗಿ ನೋಡಿ ಇಷ್ಟೇ ಎಂದುಬಿಟ್ಟಿದೆ ಎಂದು ಆ ಮಗು ನಂಬಿತ್ತು. ನಾನು ಸ್ಕೇಲ್ ತೆಗೆದೆ.

ಅಂಕಪಟ್ಟಿಯಲ್ಲಿ ಸರಾಸರಿ ಗ್ರೇಡ್ 8.72. ಪ್ರೊಫೈಲ್‌ನಲ್ಲಿ 6.72. ಕೈತಪ್ಪು ಎಂದುಕೊಂಡು ಕೆಳಗೆ ಇಳಿದರೆ ಸ್ವಭಾವದ ಪ್ರಶ್ನೆಗಳು. ಪ್ರತಿ ಗುಣಕ್ಕೂ ಐದರಲ್ಲಿ ಎಷ್ಟು ಎಂದು ಹೇಳಬೇಕು. ಭಾರ ಎತ್ತುವುದು: ಐದು. ಬೆಳಗಿನ ಜಾವ ಏಳುವುದು: ಐದು. ಬಿಸಿಲಲ್ಲಿ ಕೆಲಸ: ಐದು. ಪ್ರಾಣಿಗಳ ಭಯ: ಇಲ್ಲ. ಓದುವ ಆಸಕ್ತಿ ಎಂಬಲ್ಲಿ ಮಾತ್ರ ಮೂರು.

"ಇದನ್ನು ತುಂಬಿದ್ದು ಯಾರು?"

"ಪಪ್ಪಾ ನೇ" ಎಂದಳು ಹುಡುಗಿ. ಓಟಿಪಿ ಬರುವ ಮೊಬೈಲ್ ಅವರ ಬಳಿ ಇತ್ತು, ಅವಳು ಆ ದಿನ ಟಿ.ಸಿ. ತರಲು ಕಾಲೇಜಿಗೆ ಹೋಗಿದ್ದಳು.

"ನಾನ ತುಂಬೀನ್ರಿ, ಲೋಕಲ್ ಗಾಡ್ಯಾಗ ಕುಂತು" ಎಂದರು ಶರಣಪ್ಪ ಹೆಮ್ಮೆಯಿಂದ. "ಒಳ್ಳೆ ಕೆಲಸದಾಳಿಗೆ ಏನ್ ಗುಣ ಇರಬೇಕೋ ಎಲ್ಲಾ ಹಾಕೀನಿ. ಓದೋದು ಭಾಳ ಅಂತ ಹಾಕಿದ್ರ ಇಕಿ ಕೆಲಸಕ್ಕ ಬಾರದಾಕಿ ಅಂತ ತಿಳ್ಕೋತಾರ, ಅದಕ್ಕ ಮೂರು."

"ಅಂಕ ಯಾಕೆ ಎರಡು ಕಡಿಮೆಯಾಯಿತು?"

"ತಪ್ಪಾಗಿಲ್ರಿ, ಬೇಕಂತನ ಹಾಕೀನಿ." ಕುರ್ಚಿ ಮುಂದಕ್ಕೆ ಎಳೆದುಕೊಂಡು, ದಡ್ಡಿಗೆ ಪಾಠ ಹೇಳುವ ತಾಳ್ಮೆಯಿಂದ ಹೇಳಿದರು: "ಮುಂಜಾನೆ ಠಾಕುರ್ಲಿಯಾಗ ನಿಂತು ಠಾಣೆ ಗಾಡಿ ಹತ್ತಿದ್ರ ಸೀಟ್ ಸಿಗ್ತೈತೇನ್ರಿ? ಕಾಲಿಡಾಕ ಜಾಗ ಸಿಗೂದಿಲ್ಲ. ಅದಕ್ಕ ಮೊದ್ಲ ಒಂದು ಸ್ಟೇಷನ್ ಹಿಂದಕ್ಕ ಕಲ್ಯಾಣಕ್ಕ ಹೋಗೂದು, ಅಲ್ಲಿಂದ ಹೊರಡೂ ಖಾಲಿ ಗಾಡ್ಯಾಗ ಕುಂದ್ರೂದು, ಆಮ್ಯಾಲ ಆರಾಮ ಮುಂದ ಬರೂದು. ಮಗಳ ಮಾರ್ಕೂ ಹಂಗ ಎರಡು ಹಿಂದಕ್ಕ ಒಯ್ದೀನಿ. ಮೊದ್ಲ ಸೀಟ್ ಹಿಡೀಲಿ. ಖರೇ ಮಾರ್ಕ್ ಆಮ್ಯಾಲ ತೋರಿಸಿದ್ರ ಅವ್ರು ಇನ್ನೂ ಖುಷಿ ಆಗ್ತಾರ."

ಪ್ರಾಚಿ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೆ ನಗಲಾಗಲಿಲ್ಲ. ಡೊಂಬಿವಲಿಯಿಂದ ನಾನೂ ಇಪ್ಪತ್ತು ವರ್ಷ ಹಾಗೆಯೇ ಕಲ್ಯಾಣಕ್ಕೆ ಹಿಂದೆ ಹೋಗಿ ಕುಳಿತು ಬಂದವಳು. ಅವರ ತರ್ಕದಲ್ಲಿ ದೋಷ ಹುಡುಕಲು ನನಗೆ ಅರ್ಧ ಪೇಢೆ ತಿನ್ನುವಷ್ಟು ಹೊತ್ತು ಬೇಕಾಯಿತು.

"ಶರಣಪ್ಪನವರೇ, ಕಲ್ಯಾಣದಿಂದ ಠಾಣೆಗೆ ತಿರುಗಿ ಬರುವ ಗಾಡಿಯಲ್ಲಿ ಕೂತರೆ ಸರಿ. ನೀವು ಮಗಳನ್ನು ಕೂರಿಸಿದ್ದು ಕಲ್ಯಾಣದಿಂದಾಚೆಗೆ ಹೋಗುವ ಕಸಾರಾ ಗಾಡಿಯಲ್ಲಿ. ಸೀಟು ಸಿಕ್ಕಿದೆ, ನಿಜ. ಆದರೆ ಅದು ಹಿಂದಕ್ಕೇ ಹೋಗುತ್ತದೆ."

ಅವರು ಪೇಢೆಯ ಡಬ್ಬಿ ಮುಚ್ಚಿದರು. "ಯಪ್ಪಾ... ಇಳಸ್ರಿ ಅಕ್ಕೋರ. ಲಗೂನ ಇಳಸ್ರಿ."

ಇಳಿಸುವುದು ಸುಲಭವಿರಲಿಲ್ಲ. ಸಲ್ಲಿಸಿದ ಪ್ರೊಫೈಲ್ ತಿದ್ದಲು ಮೂರು ಕೆಲಸದ ದಿನ ಬೇಕು. ನಮ್ಮ ಪಟ್ಟಿಯಲ್ಲಿ ಫುಡ್ ಟೆಕ್ನಾಲಜಿ ಎಂ.ಎಸ್‌ಸಿ. ಇದ್ದ ಕಡೆಗಳಲ್ಲೆಲ್ಲ ಅರ್ಜಿಗೆ ಮರುದಿನ, ಶುಕ್ರವಾರ ಸಂಜೆ ಐದು ಗಂಟೆಯೇ ಕೊನೆ. ತಪ್ಪಿದರೆ ಒಂದು ವರ್ಷ ಹೋಯಿತು. ಪ್ರಾಚಿ ಪರದೆ ನೋಡಿ ಕೈಚೆಲ್ಲಿದಳು. "ಕಾಕೂ, ಲಾಕ್ ಆಗಿದೆ. ಹೊಸ ಪ್ರೊಫೈಲ್ ಮಾಡಬೇಕೆಂದರೆ ಬೇರೆ ನಂಬರ್ ಬೇಕು. ಅವರ ಮನೆಯಲ್ಲಿ ಇರುವುದು ಅದೊಂದೇ ಮೊಬೈಲ್." ಆಮೇಲೆ ನನ್ನ ಹಿಂದಿನ ಗೋಡೆಯನ್ನು ನೋಡಿದಳು. ನಾನೂ ತಿರುಗಿ ನೋಡಿದೆ. ನನ್ನದೇ ಅಕ್ಷರ, ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೆ.

ಮೂವತ್ತೊಂದು ವರ್ಷದಲ್ಲಿ ನಾನು ಒಂದು ಸೊನ್ನೆಯನ್ನೂ ನಿಯಮ ಮೀರಿ ತಿದ್ದಿದವಳಲ್ಲ. ಎದ್ದು ಆ ಕಾಗದವನ್ನು ಬಿಚ್ಚಿ, ಮಡಚಿ, ಡ್ರಾಯರ್‌ನಲ್ಲಿಟ್ಟೆ. ನಿಯಮ ಮುರಿದವಳು ನಾನೇ ಎಂದು ಪ್ರಾಚಿಯ ಎದುರೇ ಒಂದು ಟಿಪ್ಪಣಿ ಬರೆದು ಸಹಿ ಹಾಕಿದೆ. ಆಮೇಲೆ ನನ್ನ ಮೊಬೈಲ್ ಭಾಗ್ಯಶ್ರೀಯ ಕೈಗೆ ಕೊಟ್ಟೆ. "ನೀನೇ ತುಂಬು. ಇದ್ದದ್ದು ಇದ್ದ ಹಾಗೆ."

ಅವಳು ತುಂಬತೊಡಗಿದಳು. ಶರಣಪ್ಪನವರನ್ನು ಬಾಗಿಲ ಬಳಿಯ ಬೆಂಚಿನಲ್ಲಿ ಕೂರಿಸಿ, ಮಾತಾಡಬಾರದು ಎಂದು ಹೇಳಿದೆ. ನಾಲ್ಕು ಪ್ರಶ್ನೆಯವರೆಗೆ ತಡೆದುಕೊಂಡರು. "ಭಾರ ಎತ್ತುವುದು" ಎಂದು ಓದಿ ಹುಡುಗಿ ಒಂದು ಎಂದು ಒತ್ತಿದಾಗ ಎದ್ದೇ ನಿಂತರು.

"ಒಂದೇನ? ಲಿಫ್ಟ್ ಬಂದಾಗ ಇಪ್ಪತ್ತು ಕಿಲೋ ಅಕ್ಕಿ ಮೂರನೇ ಮಾಳಿಗೀಗೆ ಹೊತ್ತಾಳ್ರಿ ಅಕ್ಕೋರ! ಎರಡರ ಹಾಕು!"

"ಪಪ್ಪಾ, ಪ್ಲೀಸ್!"

"ಬಂದಾಗ" ಎಂದರೆ ಬಂದ್ ಇದ್ದಾಗ ಎಂದು ಪ್ರಾಚಿಗೆ ವಿವರಿಸಿ, ಒಂದೇ ಇರಲಿ ಎಂದು ತೀರ್ಪು ಕೊಟ್ಟೆ. ಓದುವ ಆಸಕ್ತಿಗೆ ಅವಳು ಐದು ಹಾಕಿದಳು. ಶರಣಪ್ಪ ಮತ್ತೆ ಬೆಂಚಿಗೆ ಹೋಗಿ ಕುಳಿತರು.

ಒಂದೂವರೆ ನಿಮಿಷದಲ್ಲಿ ಹೊಸ ಪಟ್ಟಿ ಬಂತು. ಕುದುರೆ ಇಲ್ಲ, ಹುಲ್ಲು ಇಲ್ಲ. ಮ್ಯಾಚ್ ಪಟ್ಟಿಯಲ್ಲಿ ನಾಲ್ಕು ಕಡೆ ಫುಡ್ ಟೆಕ್ನಾಲಜಿ, ರೀಚ್‌ನಲ್ಲಿ ಇನ್ನೊಂದು. ಹುಡುಗಿ ಪರದೆಯನ್ನು ಎರಡು ಸಲ ಓದಿ, ಮೊದಲ ಸಲ ಕನ್ನಡದಲ್ಲಿ ಮಾತಾಡಿದಳು: "ಇದು ನಂದೇನ್ರಿ?" ಶುಕ್ರವಾರ ಮಧ್ಯಾಹ್ನ ಎರಡೂವರೆಗೆ, ಸ್ಕೇಲ್ ಇಟ್ಟು ಮೂರು ಸಲ ತಾಳೆ ನೋಡಿದ ಮೇಲೆ, ಐದೂ ಅರ್ಜಿ ಹೋದವು. ಆಗಸ್ಟ್‌ನಲ್ಲಿ ಅವಳು ತರಗತಿಯಲ್ಲಿದ್ದಳು. ರೀಚ್ ಪಟ್ಟಿಯದು ಸಿಗಲಿಲ್ಲ, ಮ್ಯಾಚ್‌ನ ಎರಡನೆಯದು ಸಿಕ್ಕಿತು. ಅವಳ ಹಾಸ್ಟೆಲಿನ ಮೆಸ್ ಸೂಚನೆಗಳು ಮಾತ್ರ ವರ್ಷವಿಡೀ ನನ್ನ ಮೊಬೈಲ್‌ಗೇ ಬಂದವು. ಬುಧವಾರ ಅಲ್ಲಿ ರಾಜ್ಮಾ ಎಂಬುದು ನನಗೆ ಈಗಲೂ ಬಾಯಿಪಾಠ.

ಪರೀಕ್ಷಾ ವಿಭಾಗ ನನಗೆ ತಪ್ಪು ಹಿಡಿಯುವುದನ್ನು ಕಲಿಸಿತ್ತು. ತಪ್ಪಿನ ಹಿಂದೆ ಯಾರ ಯಾವ ಬುದ್ಧಿವಂತಿಕೆ ಕೂತಿದೆ ಎಂದು ವಿಚಾರಿಸುವುದನ್ನು ಈ ಕೇಸು ಕಲಿಸಿತು. ಗೋಡೆಯ ಕಾಗದ ಮತ್ತೆ ಅದರ ಜಾಗಕ್ಕೆ ಬಂತು, ಒಂದು ಸಾಲು ಹೆಚ್ಚಾಗಿ: ತುಂಬಿದವರು ಯಾರು, ಎಲ್ಲಿ ಕುಳಿತು ಎಂದು ಮೊದಲು ಕೇಳತಕ್ಕದ್ದು. ಈಗ ಅದನ್ನು ಪ್ರಾಚಿಯೇ ಕೇಳುತ್ತಾಳೆ.

ಕಳೆದ ತಿಂಗಳು ಕಲ್ಯಾಣ ಪ್ಲಾಟ್‌ಫಾರ್ಮಿನಲ್ಲಿ ಶರಣಪ್ಪ ಸಿಕ್ಕಿದರು. ಹಿಂದಕ್ಕೆ ಬಂದು ಕೂರುವ ಕ್ರಮವನ್ನು ನಾವಿಬ್ಬರೂ ಬಿಟ್ಟಿರಲಿಲ್ಲ. ಮಗಳಿಗೆ ಈರುಳ್ಳಿ ಒಣಗಿಸುವ ಘಟಕವೊಂದರಲ್ಲಿ ಕೆಲಸ ಸಿಕ್ಕಿದೆಯಂತೆ. ಮುಖ ಮೊದಲಿಗಿಂತ ಅರಳಿತ್ತು.

"ಆ ಕುದುರಿ ಸಾಲಿಯವ್ರು ಇನ್ನೂ ಫೋನ್ ಮಾಡ್ತಾರ್ರಿ ಅಕ್ಕೋರ, ಸೀಟ್ ಖಾಲಿ ಐತಿ ಬರ್ರಿ ಅಂತ."

"ಬೇಡ ಎಂದು ಹೇಳಿಬಿಡಿ ಮಾರಾಯ್ರೇ."

ಗಾಡಿ ಬಂತು. ಅದು ನಿಲ್ಲುವ ಮೊದಲೇ ಅವರು ಜೇಬಿನಿಂದ ಕರ್ಚೀಫು ತೆಗೆದು, ಕಿಟಕಿಯಿಂದ ಒಳಗೆ ಎಸೆದು ಸೀಟು ಹಿಡಿದರು.

"ಯಾಕ ಬ್ಯಾಡ ಅನ್ಲಿ? ಅಲ್ಲೂ ಒಂದು ಕರ್ಚೀಫ್ ಬಿದ್ದಿರ್ಲಿ ಬಿಡ್ರಿ."