ಗಾಳಿಗೆ ಯಾರು ಮುಂದೆ?

ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಸೈಕಲ್ಲು ಉದ್ದಕ್ಕೆ ಹಿಡಿಸುವುದಿಲ್ಲ. ಮುಂದಿನ ಚಕ್ರವನ್ನು ಮೇಲಕ್ಕೆತ್ತಿ, ಹಿಂದಿನ ಚಕ್ರದ ಮೇಲೆ ನಿಲ್ಲಿಸಿ, ಎರಡೂ ಕೈಯಲ್ಲಿ ತಬ್ಬಿ ಹಿಡಿದುಕೊಂಡು ಇಳಿಯಬೇಕು. ಪೋರೂರಿನ ಈ ಕಟ್ಟಡದಲ್ಲಿ ಇಷ್ಟು ವರ್ಷ ಇದ್ದರೂ ನನ್ನನ್ನು ಮಾತಾಡಿಸದೆ ಇದ್ದವರೆಲ್ಲ, ನಾನು ಸೈಕಲ್ ಸಮೇತ ಲಿಫ್ಟಿಗೆ ಬಂದ ದಿನದಿಂದ ಮಾತಾಡಿಸತೊಡಗಿದ್ದಾರೆ. ಮೊದಲು ಸೈಕಲ್ಲನ್ನು ನೋಡುತ್ತಾರೆ, ಆಮೇಲೆ ನನ್ನ ನರೆಗೂದಲನ್ನು ನೋಡುತ್ತಾರೆ, ಆಮೇಲೆ "ಎದುಕ್ಕು ಮ್ಯಾಡಂ?" ಎನ್ನುತ್ತಾರೆ. ಯಾಕೆ? ಎಂದು. ನಾನು ಉತ್ತರ ಜೋಡಿಸಿಕೊಳ್ಳುವುದರೊಳಗೆ ಲಿಫ್ಟು ನೆಲ ಮುಟ್ಟಿರುತ್ತದೆ. ನಿಮಗೇನೂ ಇಳಿಯುವ ಅವಸರ ಇಲ್ಲದಿದ್ದರೆ ನಿಧಾನವಾಗಿ ಹೇಳುತ್ತೇನೆ.

ಒಂದು ಭಾನುವಾರ ಊರಿನಿಂದ ಬಂದ ನೆಂಟರನ್ನು ಮಹಾಬಲಿಪುರಕ್ಕೆ ಕರೆದುಕೊಂಡು ಹೊರಟಿದ್ದೆವು. ಸಮುದ್ರದ ಪಕ್ಕದ ರಸ್ತೆ, ಇನ್ನೂ ಎಳೆಬಿಸಿಲು. ನಮ್ಮ ಕಾರಿನ ಮುಂದೆ ಸೈಕಲ್ ಸವಾರರ ಒಂದು ದೊಡ್ಡ ಗುಂಪು ಹೋಗುತ್ತಿತ್ತು. ಭುಜಕ್ಕೆ ಭುಜ ತಾಗುವಷ್ಟು ಹತ್ತಿರ. ಒಬ್ಬರ ಹಿಂದಿನ ಚಕ್ರಕ್ಕೂ ಇನ್ನೊಬ್ಬರ ಮುಂದಿನ ಚಕ್ರಕ್ಕೂ ನಡುವೆ ಒಂದು ಗೇಣು ಇದ್ದರೆ ಹೆಚ್ಚು. ತಿರುವು ಬಂದಾಗ ಎಲ್ಲರೂ ಒಟ್ಟಿಗೆ ಬಾಗಿದರು, ಒಟ್ಟಿಗೆ ನೆಟ್ಟಗಾದರು. ಕಾರಿನ ಗಾಜಿನಾಚೆ ಒಂದು ಸದ್ದೂ ಇಲ್ಲ. ತ್ರಿಪ್ಲಿಕೇನಿನಲ್ಲಿ ನಾನು ಕೆಲಸ ಮಾಡುವ ಬ್ಯಾಂಕಿನ ಮುಂದೆ ಕಾಲ್ನಡಿಗೆಯಲ್ಲಿ ಹೋಗುವವರೇ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಜಗಳವಾಡುತ್ತಾರೆ. ಇವರು ಇಷ್ಟು ವೇಗದಲ್ಲಿ, ಇಷ್ಟು ಹತ್ತಿರದಲ್ಲಿ, ಮಾತೇ ಇಲ್ಲದೆ ಹೇಗೆ ಹೋಗುತ್ತಾರೆ?

"ಅವರು ಹಾಗೆ ಹೇಗೆ ಹೋಗ್ತಾರೆ ಅಂತೀರಿ?" ಎಂದು ನಮ್ಮವರನ್ನು ಕೇಳಿದೆ.

"ಕಾರಲ್ಲಿ ಹೋಗೋರಿಗೆ ಅದೆಲ್ಲ ಯಾಕೆ?" ಎಂದು ಅವರು ಹಾರ್ನ್ ಒತ್ತಿ ಮುಂದೆ ಹೋದರು.

ನನ್ನ ತಲೆಯಿಂದ ಮಾತ್ರ ಆ ಗುಂಪು ಹೋಗಲಿಲ್ಲ. ಅದರ ಒಳಗೆ ಹೇಗಿರುತ್ತದೆ ಎಂದು ಒಂದು ಸಲ, ಒಂದೇ ಒಂದು ಸಲ, ಇದ್ದು ನೋಡಬೇಕು ಅನ್ನಿಸಿತು. ಕೆಲವರಿಗೆ ಈ ವಯಸ್ಸಿನಲ್ಲಿ ಕಾಶಿಗೆ ಹೋಗಬೇಕು ಅನ್ನಿಸುತ್ತದಂತೆ. ನನಗೆ ಬಂದದ್ದು ಇದು.

ಎದುರು ಮನೆಯ ಮಂಗೈ ಭೌತಶಾಸ್ತ್ರದ ಅಧ್ಯಾಪಕಿ. ಬೆಳಗಿನ ಹೊತ್ತು ಪೋರೂರು ಕೆರೆಯ ಆಸುಪಾಸಿನಲ್ಲಿ ಸೈಕಲ್ ಹೊಡೆಯುವುದು ಅವಳಿಗೆ ಹಳೆಯ ಅಭ್ಯಾಸ. ನನ್ನ ಆಸೆ ಕೇಳಿ ಅವಳು ನಗಲಿಲ್ಲ. ಅದೇ ನನಗೆ ಆಶ್ಚರ್ಯ. ಹೊಸಬರೂ ಸೇರಬಹುದಾದ ಒಂದು ಪಂದ್ಯ ಬರುತ್ತದೆ, ಆ ಗುಂಪಿನ ನಡುವೆ ನುಗ್ಗಲು ಅದಕ್ಕಿಂತ ಸುಲಭದ ದಾರಿ ಇಲ್ಲ ಎಂದಳು. ಇಬ್ಬರ ಹೆಸರನ್ನೂ ಅವಳೇ ಕೊಟ್ಟಳು. ನಾನೊಂದು ಸೈಕಲ್ ಕೊಂಡೆ. ಹೀಗೆ, ಶಾಲೆಯ ಚಮಚ-ನಿಂಬೆಹಣ್ಣಿನ ಓಟದಲ್ಲೂ ನಿಂಬೆಹಣ್ಣು ಬೀಳಿಸಿದ್ದ ನಾನು ಸೈಕಲ್ ಪಂದ್ಯದ ಸ್ಪರ್ಧಿಯಾದೆ.

ಮಂಗೈ ಕಲಿಸಿದ ಮೊದಲ ಪಾಠ ಗಾಳಿಯದು. ಸೈಕಲ್ ತುಳಿಯುವವರು ಹೋರಾಡುವುದು ರಸ್ತೆಯೊಡನೆ ಅಲ್ಲವಂತೆ, ಗಾಳಿಯೊಡನೆ. ಮುಂದೆ ಹೋಗುವವರು ಗಾಳಿಯನ್ನು ಸೀಳುತ್ತಾರೆ. ಅವರ ಬೆನ್ನಿಗೆ ಅಂಟಿಕೊಂಡು ಹೋಗುವವರಿಗೆ ಅರ್ಧ ಶ್ರಮ ಉಳಿಯುತ್ತದೆ. ಆದ್ದರಿಂದಲೇ ಆ ಗುಂಪು ಅಷ್ಟು ಒತ್ತೊತ್ತಾಗಿ ಹೋಗುವುದು, ಮುಂದಿನ ಜಾಗಕ್ಕೆ ಸರದಿಯ ಮೇಲೆ ಬರುವುದು. ಅರ್ಥವಾಯಿತು. ಆದರೆ ಮಾಡುವುದು? ನಾವು ಮಂಡ್ಯದ ಕಡೆಯವರು. ದೇವಸ್ಥಾನದ ಸಾಲಿನಲ್ಲೂ "ಸ್ವಲ್ಪ ಸರ್ದು ನಿಂತ್ಕೋ, ಅವ್ರಿಗೆ ತಾಗುತ್ತೆ" ಎನ್ನಿಸಿಕೊಂಡೇ ಬೆಳೆದವಳು ನಾನು. ಇನ್ನೊಬ್ಬರ ಬೆನ್ನ ಹಿಂದೆ ಅವಿತು, ಅವರ ಬೆವರಿನಲ್ಲಿ ನನ್ನ ದಾರಿ ಸಾಗಿಸುವುದೆಂದರೆ ಹಂಗಿನ ಊಟ ಮಾಡಿದ ಹಾಗೆ ಮುಜುಗರ. ಒಂದು ಲಾರಿ ನುಸುಳುವಷ್ಟು ಜಾಗ ಬಿಟ್ಟು ಹಿಂದೆ ಬರುತ್ತಿದ್ದೆ.

"ಪದ್ಮಾ, ಕಿಟ್ಟ ವಾ! ಇನ್ನುಂ ಕಿಟ್ಟ!" ಹತ್ತಿರ ಬಾ ಎಂದು ಮಂಗೈ ತಿರುಗದೆಯೇ ಕೂಗುತ್ತಿದ್ದಳು. "ಉನ್ನೈ ಎನ್ನ ಪೆಣ್ ಪಾರ್ಕ ವಂದಿರುಕ್ಕಾಂಗಳಾ?"

ಹೆಣ್ಣು ನೋಡಲು ಬಂದವರ ಮುಂದೆ ನಿಂತ ಹಾಗೆ ನಾಚುತ್ತೀಯಲ್ಲ ಎಂಬ ಮೂದಲಿಕೆ. ರೋಷ ಬಂದು ಒಮ್ಮೆ ಜೋರಾಗಿ ತುಳಿದು ಅವಳ ಚಕ್ರದ ಹಿಂದೆಯೇ ಹೋದೆ. ಫಕ್ಕನೆ ಕಿವಿಯಲ್ಲಿ ಬೊಬ್ಬಿಡುತ್ತಿದ್ದ ಗಾಳಿ ನಿಂತಿತು. ಪೆಡಲು ಹಗುರಾಯಿತು. ಕಿಟಕಿ ಮುಚ್ಚಿದ ಕೋಣೆಯೊಳಗೆ ಬಂದಂತಾಯಿತು. ಇಷ್ಟು ದಿನ ಈ ಕೋಣೆ ಎಲ್ಲಿತ್ತು ಎಂದು ಬೆರಗಾದೆ. ಆದರೂ ಇಬ್ಬರೇ ಇದ್ದರೆ ಅದು ಗುಂಪಲ್ಲವಲ್ಲ.

ತಯಾರಿ ಎಂದರೆ ಬರೀ ತುಳಿಯುವುದಲ್ಲ ಎಂಬುದು ಆಮೇಲೆ ತಿಳಿಯಿತು. ಕೂರುವ ಕಡೆ ಮೆತ್ತೆ ಹೊಲಿದ ಬಿಗಿ ಚಡ್ಡಿಯೊಂದು ಬೇಕು. ಅದನ್ನು ಹಾಕಿಕೊಂಡು ಹಜಾರಕ್ಕೆ ಬಂದಾಗ ಅಮ್ಮ ಬಹಳ ಹೊತ್ತು ನೋಡಿ, "ಚೆನ್ನಾಗೈತೆ ಕಣೇ. ಇದ್ರ ಮೇಲೆ ಏನ್ ಹಾಕ್ಕೋತೀಯ?" ಎಂದು ಕೇಳಿದಳು. ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಬೇರೆ ಭಾಷೆಯಲ್ಲಿ. "ಪಾಟೀ, ಅವ್ವಳವುದಾನ್, ದಟ್ಸ್ ಇಟ್" ಎಂದು ಅಜ್ಜಿಗೆ ಹೇಳಿ ಕೋಣೆಗೆ ಓಡಿದಳು, ನಗಲಿಕ್ಕೆ. ತಿನ್ನುವ ವಿಷಯದಲ್ಲಿ ಮಾತ್ರ ಅಮ್ಮನದೇ ಗೆಲುವು. ಸವಾರರು ಹಿಂಡಿಕೊಂಡು ನುಂಗುವ ಅಂಟಿನಂಥ ಪದಾರ್ಥವೊಂದು ಸಿಗುತ್ತದೆ. ಅದರ ವಾಸನೆ ನೋಡಿ ಅವಳು ಪಕ್ಕಕ್ಕಿಟ್ಟಳು. ಹುರಿಹಿಟ್ಟಿಗೆ ಬೆಲ್ಲ ತುಪ್ಪ ಕಲಸಿ ಉಂಡೆ ಕಟ್ಟಿ ಕೊಟ್ಟಳು. ಬೆನ್ನ ಜೇಬಿನಲ್ಲಿ ಉಂಡೆ ಬೆಚ್ಚಗೆ ಕರಗಿ ಅಂಗಿಗೆಲ್ಲ ಹತ್ತಿತು. ಆದರೆ ತಿಂದರೆ ಕಾಲು ಮಾತು ಕೇಳುತ್ತಿತ್ತು.

ಪಂದ್ಯ ಎಂಬುದೇ ಒಂದು ವಿಚಿತ್ರ. ಹೊರಟ ಜಾಗಕ್ಕೇ ವಾಪಸು ಬರಲು ಅಷ್ಟು ಧಾವಂತವೇಕೆ? ಯೋಚಿಸಿದರೆ ನಮ್ಮ ಪುರಾಣದ ಅತ್ಯಂತ ಪ್ರಸಿದ್ಧ ಪಂದ್ಯವೂ ಅಂಥದ್ದೇ. ಹಣ್ಣಿಗಾಗಿ ಅಣ್ಣತಮ್ಮಂದಿರಿಗೆ ಲೋಕ ಸುತ್ತಿ ಬರುವ ಸ್ಪರ್ಧೆ. ಷಣ್ಮುಖ ನವಿಲೇರಿ ಹೊರಟ, ಗಣಪ ಅಪ್ಪ ಅಮ್ಮನನ್ನೇ ಸುತ್ತಿ ಹಣ್ಣು ತಿಂದ. ಎಂಥ ಜಾಣ ನಮ್ಮ ಗಣಪ ಎಂದು ನಾನು ಮೆಚ್ಚಿಕೊಂಡೇ ಬೆಳೆದವಳು. ಇದನ್ನು ಮಂಗೈ ಮುಂದೆ ಹೇಳಬಾರದಿತ್ತು. ಅವಳು ಮುರುಗನ, ಅಂದರೆ ನಮ್ಮ ಷಣ್ಮುಖನ ಭಕ್ತೆ. "ಅದೇನು ಜಾಣತನ? ದಾರಿಯನ್ನೇ ತುಳಿಯದವನಿಗೆ ಬಹುಮಾನವಾ? ಇಂದಿನ ಪಂದ್ಯವಾಗಿದ್ದರೆ ಹೆಸರೇ ಹೊಡೆದು ಹಾಕುತ್ತಿದ್ದರು" ಎಂದು ತಮಿಳಿನಲ್ಲಿ ಕೆರೆಯ ಒಂದು ಸುತ್ತು ಪೂರ್ತಿ ವಾದಿಸಿದಳು. ಒಂದೇ ಕಥೆ ಗಡಿ ದಾಟಿದರೆ ತೀರ್ಪು ಬೇರೆಯಾಗುತ್ತದೆ ಎಂದು ನನಗೆ ಆವತ್ತು ಗೊತ್ತಾಯಿತು.

ಪಂದ್ಯದ ಹಿಂದಿನ ಸಂಜೆ ಅಮ್ಮ ಸೈಕಲ್ಲಿಗೆ ಪೂಜೆ ಇಟ್ಟುಕೊಂಡಳು. ಪೂಜೆ ಆಗದೆ ಗಾಡಿ ದೂರದ ದಾರಿಗೆ ಹೊರಡುವ ಪದ್ಧತಿ ನಮ್ಮಲ್ಲಿಲ್ಲ. ಹ್ಯಾಂಡಲಿಗೆ ಮಲ್ಲಿಗೆ ಸರ ಬಂತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ತಳ್ಳಿದರೆ, ಕಾರಿನಂತೆ ಅಪ್ಪಚ್ಚಿ ಮಾಡುವ ಬದಲು ನನ್ನ ತೆಳು ಚಕ್ರ ಅದನ್ನು ಉರುಳಿಸಿಕೊಂಡು ಹೋಯಿತು. ಕೊನೆಗೆ ನಮ್ಮವರೇ ಸೈಕಲ್ ಹತ್ತಿ ಕುಳಿತು ತಮ್ಮ ಭಾರವನ್ನೆಲ್ಲ ಹಾಕಬೇಕಾಯಿತು. ಆಮೇಲೆ ಅಮ್ಮನ ಕಣ್ಣು ಚಕ್ರದ ನಡುವೆ ಹೊಳೆಯುವ ಉಕ್ಕಿನ ತಟ್ಟೆಯ ಮೇಲೆ ಬಿತ್ತು. ಆರತಿ ತಟ್ಟೆಯಂತೆ ದುಂಡಗೆ, ಥಳಥಳ. ಬರಿ ಕುಂಕುಮ ಉಕ್ಕಿನ ಮೇಲೆ ನಿಲ್ಲಲಿಲ್ಲ. ದೀಪದ ಎಣ್ಣೆಯಲ್ಲಿ ಬೆರಳದ್ದಿ ಕಲಸಿ ಇಟ್ಟಳು. ಎರಡೂ ಚಕ್ರಕ್ಕೆ, ಸುತ್ತಲೂ, ಒಂದೇ ಅಂತರದಲ್ಲಿ. ಬಹಳ ಲಕ್ಷಣವಾಗಿತ್ತು. ನಾನೂ ಕೈ ಮುಗಿದೆ.

ಆ ತಟ್ಟೆ ನನ್ನ ಬ್ರೇಕು. ಅದನ್ನು ಎರಡು ಬಿಲ್ಲೆಗಳು ಕಚ್ಚಿ ಹಿಡಿದರೆ ಸೈಕಲ್ ನಿಲ್ಲುತ್ತದೆ. ಅದಕ್ಕೆ ಬೆರಳೂ ತಾಗಿಸಬೇಡಿ, ಜಿಡ್ಡು ಹತ್ತೀತು ಎಂದು ಅಂಗಡಿಯವರು ಹೇಳಿದ್ದರು. ಪೂಜೆಯ ಹೊತ್ತಿನಲ್ಲಿ ಅಂಗಡಿಯವರ ಮಾತು ಯಾರಿಗೆ ನೆನಪಿರುತ್ತದೆ?

ನೆನಪಾದದ್ದು ಬೆಳಗ್ಗೆ, ಪಂದ್ಯ ಹೊರಡುವ ಜಾಗದಲ್ಲಿ. ಸೈಕಲ್ಲುಗಳನ್ನು ಪರೀಕ್ಷಿಸಲು ನಿಂತಿದ್ದ ಹುಡುಗಿ ನನ್ನ ಬ್ರೇಕನ್ನು ಬಿಗಿಯಾಗಿ ಹಿಡಿದು ಮುಂದೆ ತಳ್ಳಿದಳು. ಸೈಕಲ್ಲು ಬೆಣ್ಣೆಯಲ್ಲಿ ಜಾರಿದಂತೆ ಸಾಗಿತು. ಅವಳು ಬಗ್ಗಿ, ಕೆಂಪಾದ ತಟ್ಟೆ ನೋಡಿ, ನನ್ನ ಮುಖ ನೋಡಿದಳು.

"ಪೂಜೈಯಾ?" ಎಂದಳು, ಪಾಪ, ಭಕ್ತಿಯಿಂದಲೇ. "ಬ್ರೇಕ್ ಇಲ್ಲೈ ಮ್ಯಾಡಂ. ವಿಡ ಮುಡಿಯಾದು." ಬಿಡಲಾಗುವುದಿಲ್ಲ.

ನನಗೆ ಅಳುವೇ ಬಂತು. ನೂರು ಗಜ ಮುಂದೆ ಆ ಗುಂಪು ನಿಂತಿತ್ತು, ನಾನು ಇಷ್ಟು ತಿಂಗಳು ಕನಸು ಕಂಡ ಗುಂಪು. ಮಂಗೈ ತನ್ನ ಸೈಕಲ್ಲನ್ನು ಜೊತೆಗೆ ಬಂದಿದ್ದ ನಮ್ಮವರ ಕೈಗೆ ಕೊಟ್ಟು ನೆಲಕ್ಕೆ ಕುಳಿತಳು. ಕೈ ತೊಳೆಯುವ ಸ್ಯಾನಿಟೈಸರಿನಿಂದ ತಟ್ಟೆಯನ್ನು ತಿಕ್ಕಿದಳು, ಬಿಲ್ಲೆಗಳನ್ನು ಕಳಚಿ ರಸ್ತೆಯ ಮೇಲೆಯೇ ಉಜ್ಜಿದಳು. ಅಷ್ಟರಲ್ಲಿ ಸೀಟಿ ಊದಿದರು. ಗುಂಪು ಹೊರಟಿತು. "ನೀನು ಹೋಗು ಮಂಗೈ" ಎಂದೆ. ಅವಳು ಇನ್ನೂ ಜೋರಾಗಿ ಉಜ್ಜಿದಳು. ಕೊನೆಗೆ ಬ್ರೇಕು ಹಿಡಿಯಿತು. ಆದರೆ ಹಿಡಿದಾಗಲೆಲ್ಲ ಕಾಲು ತುಳಿಸಿಕೊಂಡ ನಾಯಿಯಂತೆ ಊಳಿಟ್ಟಿತು. ಹುಡುಗಿ ಮತ್ತೆ ತಳ್ಳಿ ನೋಡಿ, ಕಿವಿ ಮುಚ್ಚಿಕೊಂಡು, ಹೋಗಿ ಎಂದಳು. ರಸ್ತೆಯಲ್ಲಿ ನಾವಿಬ್ಬರೇ.

ಗುಂಪು ಹೋಯಿತಲ್ಲ ಎಂದು ಕೊರಗುತ್ತಾ ಬಹಳ ದೂರ ತುಳಿದೆ. ಮಂಗೈ ಮುಂದೆ, ನಾನು ಹಿಂದೆ. ಆಮೇಲೆ ಮುಂದೆ ಒಂದು ಹಳದಿ ಅಂಗಿ ಕಂಡಿತು, ಗುಂಪಿನ ವೇಗ ತಾಳಲಾರದೆ ಉದುರಿದ ಒಬ್ಬ ದಪ್ಪನೆಯ ವಕೀಲರು. ನಮ್ಮ ಹಿಂದೆ ಸೇರಿಕೊಂಡರು. ಸ್ವಲ್ಪ ಮುಂದೆ ತಾಂಬರಂನ ಅಕ್ಕತಂಗಿಯರಿಬ್ಬರು. ಆಮೇಲೆ ಸೊಂಟ ಹಿಡಿದ ಒಬ್ಬ ವೈದ್ಯರು. ತಿರುಗುವ ಜಾಗದಲ್ಲಿ ನಾನು ಬ್ರೇಕ್ ಹಿಡಿದೆ, ಅದು ಊಳಿಟ್ಟಿತು, ಎಲ್ಲರೂ ಒಟ್ಟಿಗೆ ಬೆಚ್ಚಿ, ಒಟ್ಟಿಗೆ ಬಾಗಿ, ಒಟ್ಟಿಗೆ ನೆಟ್ಟಗಾದೆವು. ಆಗಲೇ ನನಗೆ ಹೊಳೆದದ್ದು: ನನ್ನ ಎಡಕ್ಕೆ ಒಂದು ಭುಜ, ಬಲಕ್ಕೆ ಒಂದು ಭುಜ, ಮುಂದೆ ಒಂದು ಬೆನ್ನು. ನಾನು ಒಳಗಿದ್ದೆ.

ಒಳಗೆ ಹೇಗಿರುತ್ತದೆ ಗೊತ್ತೇ? ಮೌನ ಸುಳ್ಳು. ಅಲ್ಲಿ ಸಂತೆಯಷ್ಟು ಮಾತಿದೆ. "ಪಳ್ಳಂ!" ಎಂದು ಮುಂದಿನವರು ಗುಂಡಿ ತೋರಿಸಿ ಕೂಗುತ್ತಾರೆ, ಅದನ್ನು ಹಿಂದಿನವರು ಹಿಂದಿನವರಿಗೆ ಕೂಗುತ್ತಾರೆ. ವಕೀಲರು ನೀರು ಕೇಳಿದರು, ವೈದ್ಯರು ಕೊಟ್ಟರು. ನನ್ನ ಕರಗಿದ ಹುರಿಹಿಟ್ಟನ್ನು ಅಕ್ಕತಂಗಿಯರು ಬೆರಳು ಚೀಪಿ ತಿಂದು "ಇದು ಎನ್ನಕ್ಕಾ?" ಇದೇನಕ್ಕಾ ಎಂದು ವಿಚಾರಿಸಿದರು. ಸರದಿ ಬಂದಾಗ ನಾನೂ ಮುಂದೆ ಹೋಗಿ ಗಾಳಿಗೆ ಎದೆ ಕೊಟ್ಟೆ. ಇಷ್ಟು ಸುಖವಾಗಿ ನಾನು ಯಾವ ಮದುವೆಮನೆಯಲ್ಲೂ ಇರಲಿಲ್ಲ.

ಪಂದ್ಯ ಮುಗಿಯುವ ಜಾಗದ ಕಮಾನು ಕಣ್ಣಿಗೆ ಬಿತ್ತು. ಬಹುಮಾನಗಳೆಲ್ಲ ಯಾವಾಗಲೋ ಮುಗಿದಿದ್ದವು; ನಮಗೆ ಉಳಿದಿದ್ದದ್ದು ಕಡೆಯ ಆರು ಜಾಗ. ಆದರೂ ನೀರು ಹಂಚಿಕೊಂಡ ಆ ಪುಣ್ಯಾತ್ಮರೆಲ್ಲ ಸೀಟಿನಿಂದೆದ್ದು ಹುಚ್ಚು ಹಿಡಿದವರಂತೆ ತುಳಿಯತೊಡಗಿದರು. ಸೊಂಟ ಹಿಡಿದಿದ್ದ ವೈದ್ಯರು ಎಲ್ಲರಿಗಿಂತ ಮುಂದೆ. ನಾನು ಮಂಗೈಯ ಬೆನ್ನಿಗೆ ಅಂಟಿ, ಅವಳ ಮರೆಯಲ್ಲಿ ಉಸಿರು ಉಳಿಸಿಕೊಂಡು, ಕಮಾನಿನ ಹತ್ತಿರ ಪಕ್ಕಕ್ಕೆ ಸರಿದು, ಒಂದು ಚಕ್ರದಷ್ಟು ಅವಳನ್ನು ಹಿಂದಕ್ಕೆ ಹಾಕಿದೆ. ನನಗಾಗಿ ಪಂದ್ಯದ ಸೀಟಿಯನ್ನೇ ಬಿಟ್ಟುಕೊಟ್ಟವಳನ್ನು.

"ದ್ರೋಹೀ!" ಎಂದಳು ಮಂಗೈ, ಏದುಸಿರಿನಲ್ಲಿ. ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಮುಖದ ಮೇಲಿನ ನಗು ಎಷ್ಟು ಒರೆಸಿದರೂ ಹೋಗಲಿಲ್ಲ. ಸಾಧು ಹೆಂಗಸು ಎಂದು ನನಗೆ ನಾನೇ ಕೊಟ್ಟುಕೊಂಡಿದ್ದ ಪ್ರಮಾಣಪತ್ರ ಆ ಕಮಾನಿನ ಕೆಳಗೆ ರದ್ದಾಯಿತು.

ಮುಂದಿನ ಭಾನುವಾರ ಬೆಳಗ್ಗೆ ಅವಳು ಬೆಲ್ ಒತ್ತುತ್ತಾಳೋ ಇಲ್ಲವೋ ಎಂದು ಬಾಗಿಲ ಹಿಂದೆಯೇ ನಿಂತಿದ್ದೆ. ಒತ್ತಿದಳು. ಏನೂ ಆಗಿಲ್ಲವೆಂಬಂತೆ ಲಿಫ್ಟಿನಲ್ಲಿ ಇಳಿದಳು, ಗೇಟು ದಾಟಿದಳು, ರಸ್ತೆಗೆ ಬಂದ ಮೇಲೆ ಸೈಕಲ್ ನಿಲ್ಲಿಸಿ ನನಗೆ ದಾರಿ ಬಿಟ್ಟಳು.

"ಇನಿಮೇ ನೀ ಮುನ್ನಾಡಿ, ನಾನ್ ಪಿನ್ನಾಡಿ."

ಇನ್ನು ಮೇಲೆ ನಾನು ಮುಂದೆ, ಅವಳು ಹಿಂದೆ. ನನ್ನ ಬೆನ್ನ ಮರೆಯಲ್ಲಿ ಅವಳು ಹಾಯಾಗಿ ಹಾಡು ಗುನುಗುತ್ತಾ ಬರುತ್ತಾಳೆ. ಕೆರೆಯ ಕಡೆಯ ಗಾಳಿಯೆಲ್ಲ ಈಗ ನನ್ನದು.